ಹಳೇ ಸ್ನೇಹಿತರಿಗೆ ವಾಟ್ಸಾಪ್ ವಾಯ್ಸ್ ಮೆಸೇಜ್: 5ಕ್ಕೆ 4

2013ರಲ್ಲೇ ಬಂದ ಫೀಚರಿಗೆ ಈಗ ಯಾಕೆ ರಿವ್ಯೂ ಅಂತ ಕೇಳಬಹುದು. ಹೊಸದು ಬಂದಾಗ ಎಲ್ಲರೂ ಬರೆಯುತ್ತಾರೆ, ವರ್ಷಗಟ್ಟಲೆ ಬಳಸಿದ ಮೇಲೆ ಬರೆಯುವವರು ಕಡಿಮೆ. ನಾನು ನೋಡುತ್ತಿರುವುದು ಒಂದೇ ವಿಷಯ. ಕೆಲಸ, ಮದುವೆ, ಮಕ್ಕಳು, ಅಪ್ಪ ಅಮ್ಮನ ಆಸ್ಪತ್ರೆ ಓಡಾಟ ಅಂತ ದಿಕ್ಕಿಗೊಬ್ಬರಾದ ಹಳೇ ಸ್ನೇಹಿತರ ಜೊತೆ ನಂಟು ಉಳಿಸಿಕೊಳ್ಳೋಕೆ ಇದು ಉಪಯೋಗಕ್ಕೆ ಬರುತ್ತಾ?

ಬರುತ್ತದೆ. ನನಗಂತೂ ಫೋನ್ ಕಾಲ್‌ಗಿಂತ ಜಾಸ್ತಿ ಬಂದಿದೆ.

ಕಾಲ್ ಮಾಡಬೇಕು ಅಂದರೆ ಇಬ್ಬರಿಗೂ ಒಂದೇ ಹೊತ್ತಿಗೆ ಬಿಡುವಿರಬೇಕು. ಈ ವಯಸ್ಸಲ್ಲಿ ಅದೆಲ್ಲಿ ಸಿಗುತ್ತೆ? ಟೈಪ್ ಮಾಡಿದರೆ "ಹೇಗಿದ್ದೀಯ", "ಆರಾಮ್" ಅನ್ನೋದಕ್ಕೇ ಮಾತು ಮುಗಿಯುತ್ತದೆ. ಅದೇ "ಆರಾಮ್" ಅನ್ನು ಕಿವಿಯಲ್ಲಿ ಕೇಳಿದರೆ, ಅವನು ಆರಾಮಾಗಿಲ್ಲ ಅಂತ ಮೊದಲ ಅಕ್ಷರಕ್ಕೇ ಗೊತ್ತಾಗಿಬಿಡುತ್ತದೆ. ನನ್ನ ಗೆಳೆಯನೊಬ್ಬ ಕಳಿಸುವ ಮೆಸೇಜ್ ಕೇಳಬೇಕು ನೀವು. ಬಾಸ್ ಮೇಲಿನ ಸಿಟ್ಟು ಅರ್ಧ ಹೇಳಿರುತ್ತಾನೆ, ನಡುವೆ "ತಾಳು, ಲಿಫ್ಟ್ ಬಂತು" ಅಂತಾನೆ, ಆಮೇಲೆ ಬೀಗದ ಕೈ ಹುಡುಕುವ ಸದ್ದು, ಮಗಳಿಗೆ ಚಪ್ಪಲಿ ಸರಿಯಾಗಿ ಬಿಡು ಅಂತ ಗದರಿಕೆ, ಕೊನೆಗೆ "ಏನ್ ಹೇಳ್ತಿದ್ದೆ ನಾನು?" ಅಂತ ನನ್ನನ್ನೇ ಕೇಳಿ ಕಟ್ ಮಾಡುತ್ತಾನೆ. ಬಾಸ್ ಕಥೆ ಏನಾಯಿತೋ ಗೊತ್ತಿಲ್ಲ, ಆದರೆ ಅವನ ಮನೆಗೆ ಹೋಗಿ ಬಂದ ಹಾಗಾಗುತ್ತದೆ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳೇ ಸ್ನೇಹಿತರನ್ನು ಮತ್ತೆ ಮಾತಾಡಿಸುವ ಪ್ರಯೋಗವಿತ್ತು. ಫೋನಿಗಿಂತ ಇಮೇಲ್ ವಾಸಿ, ಮುಜುಗರ ಇರಲ್ಲ ಅಂತ ಜನ ಅಂದುಕೊಂಡಿದ್ದರು. ಮಾತಾಡಿದ ಮೇಲೆ ನೋಡಿದರೆ ಮುಜುಗರ ಏನೂ ಜಾಸ್ತಿ ಇರಲಿಲ್ಲ, ಹತ್ತಿರ ಆದ ಭಾವನೆ ಮಾತ್ರ ದನಿಯಲ್ಲೇ ಹೆಚ್ಚಿತ್ತು. ಅದು ಫೋನಿನ ಮಾತು, ನಿಜ. ಆದರೆ ದನಿ ದನಿಯೇ ಅಲ್ವಾ?

ಹೊಸ ಸ್ನೇಹ ಬೆಳೆಸೋಕೆ ಮಾತ್ರ ಇದು ಸಾಲದು. ಆಪ್ತ ಸ್ನೇಹ ಆಗಬೇಕಾದರೆ ಸುಮಾರು 200 ಗಂಟೆಗೂ ಹೆಚ್ಚು ಜೊತೆಗಿರಬೇಕು ಅಂತ ಜೆಫ್ರಿ ಹಾಲ್ ಅವರ 2018ರ ಅಧ್ಯಯನ ಹೇಳುತ್ತದೆ. ಹಳಬರ ಜೊತೆ ಆ ಗಂಟೆಗಳೆಲ್ಲ ಯಾವತ್ತೋ ಕಳೆದಾಗಿದೆ, ಬೆಂಚಿನ ಮೇಲೆ, ಬಸ್ಸಲ್ಲಿ, ಸುಮ್ನೆ ಅಲೆದಾಡಿ. ಅದಕ್ಕೇ ವಾರ ಬಿಟ್ಟು ಉತ್ತರ ಬಂದರೂ ಯಾರಿಗೂ ಬೇಜಾರಿಲ್ಲ. ಕೇಳಿಸಿಕೊಂಡ ಕೂಡಲೇ ಮೈಕ್ ಗುರುತು ನೀಲಿಯಾಗುತ್ತದೆ. ಹೊಸಬರಾದರೆ ಅದನ್ನೇ ನೋಡುತ್ತಾ ಕೂರುತ್ತಾರೆ.

2021ರಲ್ಲಿ ಬಂದ 1.5 ಮತ್ತು 2 ಪಟ್ಟು ವೇಗದ ಬಟನ್ ಆಫೀಸಿನವರ ಮೆಸೇಜಿಗೆ ವರದಾನ. ಸ್ನೇಹಿತರದ್ದನ್ನು ಹಾಗೆ ಕೇಳಬೇಡಿ. ಅವರು ತಡವರಿಸುವ ಜಾಗದಲ್ಲೇ ವಿಷಯ ಇರುತ್ತದೆ. ಗ್ರೂಪಿಗೂ ಹಾಕಬೇಡಿ, ಶುಭೋದಯದ ಹೂವುಗಳ ಕೆಳಗೆ ಹೂತುಹೋಗುತ್ತದೆ. ಒಬ್ಬರಿಗೇ ಕಳಿಸಿ.

ಒಂದು ಅಂಕ ಯಾಕೆ ಕಡಿಮೆ ಅಂದರೆ, ಹಳೆಯದನ್ನು ಹುಡುಕೋದು ಕಷ್ಟ. ಯಾವ ತಿಂಗಳಲ್ಲಿ ಏನು ಹೇಳಿದ್ದ ಅಂತ ಒಂದೊಂದನ್ನೇ ಒತ್ತಿ ಕೇಳಬೇಕು. ಬೇಕಾದ್ದಕ್ಕೆ ಆಗಲೇ ಸ್ಟಾರ್ ಹಾಕಿಟ್ಟುಕೊಳ್ಳಿ, ಫೋನ್ ಬದಲಿಸುವ ಮುಂಚೆ ಬ್ಯಾಕಪ್ ಮರೆಯಬೇಡಿ.