ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ: ನಮ್ಮ ಒಂದು ‘ಕೇಳು’ಗೆ ಅವರ ಮೂರು ಪದ

ಕನ್ನಡದಲ್ಲಿ ‘ಕೇಳು’ ಒಂದೇ ಸಾಕು. ದಾರಿ ಕೇಳಬಹುದು, ಹಾಡು ಕೇಳಬಹುದು, ಬೇಡ ಅಂದರೂ ಪಕ್ಕದ ಮನೆಯ ಜಗಳ ಕೇಳುತ್ತದೆ. ಇಂಗ್ಲಿಷ್‌ನಲ್ಲಿ ಆಸ್ಕ್, ಲಿಸನ್, ಹಿಯರ್ ಅಂತ ಮೂರು, ಅದರಲ್ಲೂ ಹಾಡು ಕೇಳೋಕೆ ಲಿಸನ್ ಜೊತೆ ‘ಟು’ ಬೇಕು, ಮೇಷ್ಟ್ರನ್ನ ಕೇಳೋಕೆ ಆಸ್ಕ್ ಜೊತೆ ಬೇಡ. ‘ಅವರಿಗೆ ಕೇಳಿದೆ’ ಅಂತ ಮಾತಾಡಿ ಅಭ್ಯಾಸ ನೋಡಿ, ನಾನು ವರ್ಷಗಟ್ಟಲೆ ‘ಆಸ್ಕ್ಡ್ ಟು ಹಿಮ್’ ಅಂತಲೇ ಮೇಲ್ ಬರೆದಿದ್ದೇನೆ.

ಎರಡು ತಿಂಗಳು ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ಹೋದೆ. ಇನ್, ಆನ್, ಆಟ್ ಬಾಯಿಪಾಠ ಮಾಡಿಸಿದರು. ಯಾವ ಕ್ರಿಯಾಪದಕ್ಕೆ ಯಾವುದು ಅಂದರೆ ‘ಓದ್ತಾ ಓದ್ತಾ ಬರುತ್ತೆ’ ಅಂದರು. ಬರಲಿಲ್ಲ. ಆಮೇಲೆ ಕೊಂಡಿದ್ದು ಈ ಡಿಕ್ಷನರಿ, 2020ರ 10ನೇ ಆವೃತ್ತಿ.

ಇದರ ಹುಟ್ಟು ಮಜವಾಗಿದೆ. ಇದನ್ನು ಮೊದಲು ಮಾಡಿದ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಇನ್ನಿಬ್ಬರ ಜೊತೆ ಸೇರಿ ಅಲ್ಲಿನ ವಿದ್ಯಾರ್ಥಿಗಳಿಗಾಗಿ ಮಾಡಿದ ಡಿಕ್ಷನರಿ 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್‌ನವರು ಅದನ್ನು ತಂದರು. ಇಂಗ್ಲಿಷ್ ಮನೆಮಾತಲ್ಲದವರು ಎಲ್ಲಿ ಎಡವುತ್ತಾರೆ ಅಂತ ಕಣ್ಣಾರೆ ಕಂಡವರ ಕೆಲಸ. ಅದಕ್ಕೇ ಇರಬೇಕು, ಅರ್ಥ ಹೇಳಿ ಸುಮ್ಮನಾಗಲ್ಲ, ಕ್ರಿಯಾಪದದ ನಂತರ ಏನು ಬರುತ್ತೆ ಅನ್ನೋದನ್ನೂ ದಪ್ಪ ಅಕ್ಷರದಲ್ಲಿ ತೋರಿಸುತ್ತದೆ.

‘ಡಿಸ್ಕಸ್’ ತೆಗೆಯಿರಿ. ವಿಷಯ ನೇರವಾಗಿ ಬರುತ್ತೆ, ‘ಅಬೌಟ್’ ಇಲ್ಲವೇ ಇಲ್ಲ. ನಾವು ‘ಅದರ ಬಗ್ಗೆ ಚರ್ಚಿಸೋಣ’ ಅನ್ನೋರು, ಆ ‘ಬಗ್ಗೆ’ಯನ್ನು ಅಲ್ಲಿಗೂ ಹೊತ್ತುಕೊಂಡು ಹೋಗುತ್ತೇವೆ. ‘ನನಗೆ ಹೇಳು’ ಅನ್ನೋಕೆ ‘ಟೆಲ್ ಮಿ’ ಸರಿ, ‘ಸೇ ಮಿ’ ತಪ್ಪು. ‘ನನಗೆ ವಿವರಿಸು’ ಅಂತ ‘ಎಕ್ಸ್‌ಪ್ಲೇನ್ ಮಿ’ ಅಂದರೂ ತಪ್ಪು, ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಅನ್ನಬೇಕು. ನಮ್ಮ ಒಂದು ‘ಗೆ’ ಎಷ್ಟು ಕಾಟ ಕೊಡುತ್ತೆ ಅಲ್ವಾ! ಫಾರಂ ವಿಷಯದಲ್ಲಿ ಬ್ರಿಟಿಷರು ‘ಫಿಲ್ ಇನ್’, ಅಮೆರಿಕದವರು ಜಾಸ್ತಿ ‘ಫಿಲ್ ಔಟ್’ ಅನ್ನುತ್ತಾರೆ. ನಮ್ಮ ಬ್ಯಾಂಕುಗಳ ‘ಫಿಲ್ ಅಪ್’ ಏನಿದ್ದರೂ ಪೆಟ್ರೋಲ್ ಟ್ಯಾಂಕಿಗೆ.

ಕೊರತೆ ಇಲ್ಲದಿಲ್ಲ. ಕನ್ನಡ ಪದ ಇಟ್ಟುಕೊಂಡು ಇದರಲ್ಲಿ ಹುಡುಕೋಕಾಗಲ್ಲ, ಇಂಗ್ಲಿಷ್ ಪದ ಮೊದಲೇ ತಲೆಯಲ್ಲಿರಬೇಕು. ಆಗಷ್ಟೇ ಕಲಿಯಲು ಶುರು ಮಾಡಿದವರಿಗೆ ಕೊಡಿಸಬೇಡಿ, ವಿವರಣೆಯೂ ಇಂಗ್ಲಿಷಿನಲ್ಲೇ ಇದೆ. ಪುಸ್ತಕ ಇಟ್ಟಿಗೆಯಷ್ಟು ಭಾರ, ಬ್ಯಾಗಿಗೆ ಹಾಕಿಕೊಂಡು ಓಡಾಡೋದಲ್ಲ. ದುಡ್ಡು ಹಾಕುವ ಮೊದಲು ಆಕ್ಸ್‌ಫರ್ಡ್‌ನವರ ಡಿಕ್ಷನರಿ ವೆಬ್‌ಸೈಟಿನಲ್ಲಿ ‘ಎಕ್ಸ್‌ಪ್ಲೇನ್’ ಪುಟ ನೋಡಿ, ಅದಕ್ಕೆ ಕಾಸು ಬೇಡ.