ಒಳ್ಳೆಮೆಣಸಿಗೆ ತೇವಾಂಶ ಮೀಟರ್: ಮೂರು ಹಂಗಾಮು ಬಳಸಿದ ಮೇಲೆ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಒಳ್ಳೆಮೆಣಸು (ಕರಿಮೆಣಸು) ಒಣಗಿತೋ ಎಂದು ನೋಡುವುದು ಹಲ್ಲಿನಲ್ಲಿ. ಕಚ್ಚಿದಾಗ ಟಕ್ಕೆಂದು ಒಡೆದರೆ ಆಯಿತು. ಅದೇ ಕೆಲಸಕ್ಕೆ, ಲೋಟದಲ್ಲಿ ಕಾಳು ಸುರಿದು ಅಳೆಯುವ ಬ್ಯಾಟರಿ ಮೀಟರನ್ನು ಮೂರು ಹಂಗಾಮು ಬಳಸಿಯಾಯಿತು. ಧೈರ್ಯವಾಗಿ ಕೊಳ್ಳಬಹುದು. ಪಳಗಿದವರಿಗಿಂತ ಅದಕ್ಕೆ ಹೆಚ್ಚು ತಿಳಿದಿದೆ ಎಂದಲ್ಲ, ಒಂದೇ ಮೆಣಸಿಗೆ ಬೆಳಿಗ್ಗೆಯೂ ಸಂಜೆಯೂ ಒಂದೇ ಮಾತು ಹೇಳುತ್ತದೆ ಎಂದು.

ಹಲ್ಲಿನ ತೀರ್ಪು ಎಷ್ಟು ಓಲಾಡುತ್ತದೆಂದು ಮನೆಯಲ್ಲೇ ನೋಡಬಹುದು. ಒಂದೇ ಗೋಣಿಯ ಮೆಣಸನ್ನು ಆರು ಪೊಟ್ಟಣ ಮಾಡಿ, ಅಡಿಯಲ್ಲಿ ಗುರುತು ಹಾಕಿ, ಬೇರೆ ಆರರ ನಡುವೆ ಬೆರೆಸಿ ಅನುಭವಿಗಳಿಗೆ ಕೊಡಿ. ಹಸಿಯದ್ದನ್ನು ಕಚ್ಚಿದ ಮೇಲೆ ಸಿಕ್ಕಿದ ಪೊಟ್ಟಣ ಒಣಗಿದಂತೆ ಅನಿಸುತ್ತದೆ, ಗರಿಗರಿಯದ್ದರ ನಂತರ ಸಿಕ್ಕಿದ್ದಕ್ಕೆ ಇನ್ನೊಂದು ಬಿಸಿಲು ಬೇಕೆನಿಸುತ್ತದೆ. ಕ್ಯಾಲಿಫೋರ್ನಿಯದ ವೈನ್ ಸ್ಪರ್ಧೆಯ ತೀರ್ಪುಗಾರರಿಗೆ ಒಂದೇ ಬಾಟಲಿಯದ್ದನ್ನು ತಿಳಿಸದೆ ಮೂರು ಸಲ ಕೊಟ್ಟು ನೋಡಿದ್ದರು. ರಾಬರ್ಟ್ ಹಾಡ್ಸನ್ 2008ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಮೂರೂ ಸಲ ಒಂದೇ ಪದಕದ ಮಟ್ಟದೊಳಗೆ ನಿಂತವರು ಸುಮಾರು ಹತ್ತರಲ್ಲಿ ಒಬ್ಬರು. ನಾಲಗೆಯನ್ನೇ ವೃತ್ತಿ ಮಾಡಿಕೊಂಡವರ ಪಾಡು ಅದು.

ಇಲ್ಲಿ ನಷ್ಟ ತೂಕದಲ್ಲಿ ಕಾಣುತ್ತದೆ. ಶೇ. 11 ತೇವಾಂಶದ ಒಂದು ಕ್ವಿಂಟಾಲನ್ನು ಹೆದರಿ ಶೇ. 9ಕ್ಕೆ ಇಳಿಸಿದರೆ ಎರಡು ಕಿಲೋಕ್ಕೂ ಹೆಚ್ಚು ಹೋಗುತ್ತದೆ. ಶೇ. 14ರಲ್ಲಿ ಗೋಣಿ ಕಟ್ಟಿದರೆ ಮಳೆಗಾಲದಲ್ಲಿ ಬೂಸ್ಟು.

ಮೀಟರೂ ತಪ್ಪುತ್ತದೆ, ಆದರೆ ಕಾರಣ ಹುಡುಕಿ ಸರಿಪಡಿಸಬಹುದಾದ ತಪ್ಪು. ಅಂಗಳದಿಂದ ಬಿಸಿಬಿಸಿಯಾಗಿ ತಂದು ಅಳೆಯಬೇಡಿ. ಸಿಪ್ಪೆ ಒಣಗಿದ್ದರೂ ಒಳಗೆ ಪಸೆ ಇರುತ್ತದೆ. ರಾತ್ರಿ ಮುಚ್ಚಿದ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ಅಳೆಯಿರಿ. ಗೋಣಿಯ ಮೇಲೆ, ನಡು, ಅಡಿಯಿಂದ ತೆಗೆದು ಬೆರೆಸಿ, ಒಂದೇ ಎತ್ತರದಿಂದ ಸುರಿದು, ಲೋಟವನ್ನು ಕುಟ್ಟದೆ, ಮೂರು ಸಲದ ಸರಾಸರಿ ಹಿಡಿಯಿರಿ. ಪನ್ನಿಯೂರು ತಳಿಯ ದಪ್ಪ ಕಾಳೂ ಕರಿಮುಂಡ ತಳಿಯ ಸಣ್ಣ ಕಾಳೂ ಲೋಟದಲ್ಲಿ ಕೂರುವ ರೀತಿ ಬೇರೆ, ಪ್ರತ್ಯೇಕ ಅಳೆಯಬೇಕು. ವರ್ಷಕ್ಕೊಮ್ಮೆ ಪ್ರಯೋಗಾಲಯದ ಅಂಕಿಯೊಂದಿಗೆ ತಾಳೆ ನೋಡಿ. ಅಲ್ಲಿ ಟಾಲ್ಯೂಯಿನ್ ವಿಧಾನವನ್ನೇ ಕೇಳಿ, ಅದರಲ್ಲಿ ಮೆಣಸನ್ನು ಟಾಲ್ಯೂಯಿನ್ ದ್ರಾವಕದಲ್ಲಿ ಕುದಿಸಿ ನೀರನ್ನಷ್ಟೇ ಬೇರ್ಪಡಿಸಿ ಅಳೆಯುತ್ತಾರೆ. ಓವನ್‌ನಲ್ಲಿ ಮೆಣಸಿನ ಎಣ್ಣೆಯೂ ಆರಿಹೋಗಿ ತೇವಾಂಶ ಹೆಚ್ಚು ತೋರುತ್ತದೆ.

ಮೀಟರ್ ಶೇ. 12.8 ತೋರಿಸಿ ಇನ್ನೂ ಒಣಗಬೇಕೆಂದಾಗ, ಹಲ್ಲು ಸಾಕೆಂದರೆ? ಹೆಚ್ಚಿನವರು ಹಲ್ಲನ್ನೇ ನಂಬುತ್ತಾರೆ. ಮೀಟರ್ ತಪ್ಪಿದ ಒಂದು ದಿನ ಎಲ್ಲರಿಗೂ ನೆನಪಿರುತ್ತದೆ, ಹಲ್ಲು ತಪ್ಪಿದ್ದರ ಲೆಕ್ಕ ಯಾರೂ ಇಡುವುದಿಲ್ಲ. ಹಾಗಾಗಿ ಅಂಕಿ ನೋಡುವ ಮೊದಲೇ ಹಲ್ಲಿನ ಅಂದಾಜನ್ನು ಪುಸ್ತಕದಲ್ಲಿ ಬರೆಯಿರಿ. ಮೀಟರನ್ನು ಮೀರುವುದಾದರೆ ಕಾರಣವೂ ಬೇಕು: ಮೀಟರಿನಲ್ಲಿ ಆರಿಸಿದ ಬೆಳೆಯ ಸಂಖ್ಯೆ ತಪ್ಪಿತ್ತು, ಲೋಟದಲ್ಲಿ ಧೂಳಿತ್ತು, ಹೀಗೆ. ಆಗಸ್ಟಿನಲ್ಲಿ ಗೋಣಿ ಬಿಚ್ಚುವಾಗ ಆ ಪುಟ ತೆರೆದಿಟ್ಟುಕೊಳ್ಳಿ.

ಜಳ್ಳು, ಕಡ್ಡಿ, ಬೂಸ್ಟು ಮೀಟರಿಗೆ ಕಾಣುವುದಿಲ್ಲ. ಅದಕ್ಕೆ ಕಣ್ಣು, ಜರಡಿಯೇ ಬೇಕು. ಹಂಗಾಮು ಮುಗಿದ ಕೂಡಲೇ ಬ್ಯಾಟರಿ ತೆಗೆದಿಡಿ, ನಮ್ಮ ಮಳೆಗೆ ಕಿಲುಬು ಹಿಡಿಯುತ್ತದೆ.