ಅರ್ಧ ಬೆಲೆಯ ‘ಹಳೇ ವರ್ಷನ್’ ಹೆಡ್‌ಫೋನ್: ಸ್ಟಿಕ್ಕರ್ ಕೆಳಗೆ ಏನಿದೆ ನೋಡಿ

ರಾತ್ರಿ ಬಸ್ಸಿಗೋ ರೈಲಿಗೋ ಬೆಂಗಳೂರಿಗೆ ಓಡಾಡುವ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಹೊರಗಿನ ಸದ್ದು ತಗ್ಗಿಸುವ ಹೆಡ್‌ಫೋನಿನ ಹಳೇ ವರ್ಷನ್, ಸೀಲ್ ಒಡೆಯದ ಪೀಸ್, ಅರ್ಧ ಬೆಲೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಹಳೇ ವರ್ಷನ್ ತಗೊಳ್ಳಲೇಬೇಡಿ ಅಂತ ಹೇಳುತ್ತಿಲ್ಲ. ಪ್ರಯಾಣಕ್ಕೆ ಅದು ಬೇಕಾದಷ್ಟಾಯಿತು. ಆದರೆ ವರ್ಷಗಟ್ಟಲೆ ಗೋಡೌನಿನಲ್ಲಿ ಬಿದ್ದಿದ್ದ ಹಳೇ ಸ್ಟಾಕನ್ನೂ ಅದೇ ಹೆಸರಲ್ಲಿ ಸಾಗಹಾಕುವವರಿದ್ದಾರೆ. ನನಗೆ ಕೊಟ್ಟಿದ್ದು ಅದನ್ನೇ.

ಅಂಗಡಿ ನಮ್ಮ ಕರಾವಳಿಯ ಒಂದು ಪೇಟೆಯಲ್ಲಿದೆ. ದೂರು ಇನ್ನೂ ಮುಗಿದಿಲ್ಲ, ಹಾಗಾಗಿ ಹೆಸರು ಬರೆಯುವುದಿಲ್ಲ. ಹೆಡ್‌ಫೋನ್ ಮಾಡಿದ ಕಂಪನಿ ಹೆಸರೂ ಬೇಡ, ಇಲ್ಲಿ ಅವರ ತಪ್ಪು ಕಾಣುವುದಿಲ್ಲ. ಒಳ್ಳೆಯ ಮಾಡೆಲ್, ಆಗಿನ ಕಾಲಕ್ಕೆ ಎಲ್ಲರೂ ಹೊಗಳಿದ್ದು. ‘ಹೊಸದಕ್ಕೂ ಇದಕ್ಕೂ ಎಂತ ಫರಕೂ ಇಲ್ಲ ಸರ್, ಬರೀ ನಂಬರ್ ಬದಲು’ ಅಂದರು ಅಂಗಡಿಯವರು. ಬಿಲ್ ಕೇಳಿದೆ. ಜಿಎಸ್‌ಟಿ ಬಿಲ್ ಬೇಕಾದರೆ ಮೇಲೆ 18 ಪರ್ಸೆಂಟ್ ಆಗುತ್ತದೆ ಅಂದರು. ಎಂಆರ್‌ಪಿ ಅಂದರೆ ತೆರಿಗೆ ಎಲ್ಲ ಸೇರಿಯೇ ಅಲ್ವಾ ಅಂದಾಗ ಮಾತು ಬದಲಾಯಿತು: ಸಿಸ್ಟಮ್ ಹಾಳಾಗಿದೆ, ಸಂಜೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇವೆ. ಸದ್ಯಕ್ಕೆ ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ‘ಹೆಡ್‌ಸೆಟ್ 1’ ಅಂತಿತ್ತು, ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ನಾನು ದುಡ್ಡು ಕೊಟ್ಟಿದ್ದು ಯುಪಿಐನಲ್ಲಿ. ಅದೊಂದೇ ಈಗ ಕೈಯಲ್ಲಿರುವ ಗಟ್ಟಿ ದಾಖಲೆ. ವಾಟ್ಸ್ಆ್ಯಪ್ ಬಿಲ್ ಇವತ್ತಿನವರೆಗೂ ಬಂದಿಲ್ಲ.

ಉದ್ದ ಪ್ರಯಾಣಕ್ಕೆ ಮೊದಲು ಹಾಕಿಕೊಂಡಿದ್ದು ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ವಾಪಸ್ ಬರುವಾಗ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ 57 ಸುರಂಗ ಇದೆ. ಕಿಟಕಿ ಹಾಕಿದ್ದರೂ ಬೋಗಿ ತುಂಬಾ ಗುಂಯ್ ಅನ್ನುತ್ತದೆ. ಹೆಡ್‌ಫೋನ್ ತಗೊಂಡಿದ್ದೇ ಆ ದಾರಿಗೆ ಅನ್ನಿ. ಹೊರಡುವಾಗ ಫೋನಿನಲ್ಲಿ ನೂರಕ್ಕೆ ನೂರು ಚಾರ್ಜ್ ತೋರಿಸಿತ್ತು. ಒಂದು ಸಲ ಚಾರ್ಜ್ ಮಾಡಿದರೆ ಇಡೀ ದಿನ ಬರುತ್ತದೆ ಅಂತ ಡಬ್ಬದ ಮೇಲೆ ಬರೆದಿತ್ತು. ಹಾಸನ ಬರುವಷ್ಟರಲ್ಲಿ ಆಫ್. ಸುಮ್ನೆ ಕಿವಿ ಮುಚ್ಚಿಕೊಂಡಾದರೂ ಇರಲಿ ಅಂತ ಹಾಗೇ ಹಾಕಿಕೊಂಡು ಮಲಗಿದೆ. ಬೆಳಗ್ಗೆ ಬೈಂದೂರು ದಾಟಿದ ಮೇಲೆ ಎದುರು ಸೀಟಿನ ಅಜ್ಜಿ ಕೇಳಿದರು, ‘ತಮಾ, ಕಿವಿ ಮೇಲೆ ಎಂತದು ಮಸಿ?’ ಒರೆಸಿಕೊಂಡೆ. ಬೆರಳಿಗೆ ಕರೀ ಚೂರುಗಳು ಅಂಟಿಕೊಂಡವು. ಹೆಡ್‌ಫೋನಿನ ಕಿವಿ ಕುಶನ್ ಮೇಲಿನ ಪದರ ಹಪ್ಪಳೆ ಎದ್ದು ಉದುರುತ್ತಿತ್ತು. ತಲೆದಿಂಬಿನ ಬಿಳಿ ಕವರ್ ತುಂಬಾ ಅದೇ.

ಹೊಸ ಡಬ್ಬದಿಂದ ತೆಗೆದ ವಸ್ತು ಹೀಗಾಗುತ್ತದಾ? ಆಗುತ್ತದೆ. ಕುಶನ್ ಮೇಲೆ ಇರುವುದು ನಿಜವಾದ ಚರ್ಮ ಅಲ್ಲ, ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಲೇಪ. ಗಾಳಿಯ ತೇವ ಸಾಕು, ಅದು ಒಳಗಿಂದಲೇ ನಿಧಾನವಾಗಿ ಒಡೆಯುತ್ತ ಹೋಗುತ್ತದೆ. ಬಳಸಬೇಕು ಅಂತೇನಿಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟ ಶೂ, ಹಾಕಿಕೊಂಡು ನಾಲ್ಕು ಹೆಜ್ಜೆ ಇಡುವುದರೊಳಗೆ ಸೋಲ್ ಪುಡಿಯಾಗುತ್ತದಲ್ಲ, ಅದೇ ಕತೆ. ಮಳೆಗಾಲದಲ್ಲಿ ನಮ್ಮಲ್ಲಿ ಬೆಲ್ಟಿಗೂ ಬ್ಯಾಗಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಕಡೆ ನಾಲ್ಕು ಮಳೆಗಾಲ ಕಂಡ ಡಬ್ಬ ಬೇರೆ ಹೇಗಿರಬೇಕು?

ಬ್ಯಾಟರಿಯ ಕತೆಯೂ ಹಾಗೇ. ಲಿಥಿಯಂ ಅಯಾನ್ ಬ್ಯಾಟರಿ ಸುಮ್ಮನೆ ಇಟ್ಟರೂ ಸ್ವಲ್ಪ ಸ್ವಲ್ಪ ಇಳಿಯುತ್ತಿರುತ್ತದೆ. ಪೂರ್ತಿ ಇಳಿದು ತಿಂಗಳುಗಟ್ಟಲೆ ಹಾಗೇ ಬಿದ್ದರೆ ಅದರ ಶಕ್ತಿ ಕುಗ್ಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ವಾಪಸ್ ಬರುವುದಿಲ್ಲ. ಸೆಕೆ ಜಾಸ್ತಿ ಇರುವ ಗೋಡೌನಾದರೆ ಇನ್ನೂ ಬೇಗ. ಸೀಲ್ ಒಡೆದಿಲ್ಲ ಅನ್ನುವುದು ಇಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮನೆಗೆ ಬಂದು ಡಬ್ಬ ಹೊರತೆಗೆದೆ. ಹಿಂಬದಿಯಲ್ಲಿ ಅಂಗಡಿಯವರ ಬೆಲೆ ಸ್ಟಿಕ್ಕರ್ ಇತ್ತು, ಅಗತ್ಯಕ್ಕಿಂತ ದೊಡ್ಡದು. ಹೇರ್ ಡ್ರೈಯರ್ ಬಿಸಿ ತಾಗಿಸಿ ಮೂಲೆಯಿಂದ ಮೆಲ್ಲಗೆ ಎಬ್ಬಿಸಿದೆ. ಕೆಳಗೆ ಕಂಪನಿಯದೇ ಚೀಟಿ. ಆಮದುದಾರರ ವಿಳಾಸ, ಎಂಆರ್‌ಪಿ, ಆಮದಾದ ತಿಂಗಳು, ವರ್ಷ. ನಾಲ್ಕು ವರ್ಷಕ್ಕೂ ಹಳೆಯ ಮಾಲು. ಹೊರದೇಶದಿಂದ ಬಂದ ಪ್ಯಾಕ್ ಮಾಡಿದ ವಸ್ತುಗಳ ಮೇಲೆ ಆಮದುದಾರರ ವಿಳಾಸ, ಎಂಆರ್‌ಪಿ, ತಿಂಗಳು, ವರ್ಷ ಇರಲೇಬೇಕು ಅಂತ ಕಾನೂನೇ ಇದೆ. ಬೆಲೆ ಇಳಿಸಿ ಬೇರೆ ಸ್ಟಿಕ್ಕರ್ ಹಾಕಬಹುದು, ಆದರೆ ಮೊದಲಿನ ಎಂಆರ್‌ಪಿಯನ್ನು ಮುಚ್ಚುವಂತಿಲ್ಲ. ಇವರು ಬೆಲೆಯನ್ನಷ್ಟೇ ಅಲ್ಲ, ವರ್ಷವನ್ನೂ ಮುಚ್ಚಿದ್ದರು.

ಹುಬ್ಬಳ್ಳಿಯ ಸರ್ವಿಸ್ ಸೆಂಟರ್‌ನಲ್ಲಿ ಚೆನ್ನಾಗೇ ಮಾತಾಡಿಸಿದರು. ವಾರಂಟಿ ಲೆಕ್ಕ ಬಿಲ್ಲಿನ ತಾರೀಕಿನಿಂದ, ಬಿಲ್ ತನ್ನಿ ಅಂದರು. ನನ್ನ ಹತ್ತಿರ ಇದ್ದದ್ದು ‘ಹೆಡ್‌ಸೆಟ್ 1’. ಅಲ್ಲಿಗೆ ಮುಗಿಯಿತು.

ಈಗ ಹಳೇದು ಹೊಸದರ ಮಾತಿಗೆ ಬರುತ್ತೇನೆ. ಅಂಗಡಿಯವರು ಹೇಳಿದ ‘ಎಂತ ಫರಕೂ ಇಲ್ಲ’ ಅನ್ನುವುದು ಅರ್ಧ ನಿಜ, ಅದಕ್ಕೇ ಜನ ನಂಬುತ್ತಾರೆ. ಶಿರಸಿಯ ನನ್ನ ಭಾವನ ಹತ್ತಿರ ಅದೇ ಕಂಪನಿಯ ಹೊಸ ವರ್ಷನ್ ಇದೆ. ಇಬ್ಬರೂ ಶಿರಸಿಯಿಂದ ಕುಮಟೆಗೆ ಬಸ್ಸಿನಲ್ಲಿ ಬರುವಾಗ ಅದಲು ಬದಲು ಮಾಡಿ ನೋಡಿದೆವು. ದೇವಿಮನೆ ಘಟ್ಟದಲ್ಲಿ ಇಂಜಿನ್ ಪಕ್ಕದ ಸೀಟು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನನ್ನದನ್ನು ಹಾಕಿಕೊಂಡ ಭಾವ, ‘ಸದ್ದು ಕಮ್ಮಿನೇ ಆಜಿಲ್ಲೆ ಮಾರಾಯಾ’ ಅಂದ. ಅವನದನ್ನು ನಾನು ಹಾಕಿಕೊಂಡರೆ ಇಂಜಿನ್ನಿನ ಗುರ್ರ್ ಒಮ್ಮೆಲೇ ನೆಲ ಕಚ್ಚಿತು. ಕಂಡಕ್ಟರ್ ಸೀಟಿ, ಕಿಟಕಿ ಶಟರಿನ ಗಡಗಡ ಮಾತ್ರ ಉಳಿಯಿತು.

ಆದರೆ ಇದು ವರ್ಷನ್ ತಂದ ವ್ಯತ್ಯಾಸ ಅಲ್ಲ. ಈ ಹೆಡ್‌ಫೋನ್‌ಗಳು ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದಕ್ಕೆ ಸರಿ ವಿರುದ್ಧವಾದ ಅಲೆಯನ್ನು ಒಳಗೆ ಬಿಡುತ್ತವೆ. ಎರಡೂ ಸೇರಿ ಸದ್ದು ಕರಗುತ್ತದೆ. ಒಂದೇ ಸಮನೆ ಬರುವ ದಪ್ಪ ಸದ್ದಿಗೆ, ಅಂದರೆ ವಿಮಾನ, ಬಸ್ಸಿನ ಇಂಜಿನ್, ಎಸಿ ಇಂಥವಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಾರ್ನ್, ಮಗುವಿನ ಅಳು, ಮಾತು ಇಂಥವನ್ನು ತಡೆಯುವುದು ಹೆಚ್ಚಾಗಿ ಕುಶನ್ನೇ. ಕುಶನ್ ಕಿವಿ ಸುತ್ತ ಬಿಗಿಯಾಗಿ ಕೂರದೆ ಎಲ್ಲೋ ಒಂದು ಕಡೆ ಗಾಳಿ ಆಡಿದರೆ ದಪ್ಪ ಸದ್ದೂ ಒಳಗೆ ನುಗ್ಗುತ್ತದೆ. ಕನ್ನಡಕದ ಕಡ್ಡಿ ಕೂಡ ಇದೇ ತೊಂದರೆ ಕೊಡುತ್ತದೆ. (ಘಟ್ಟ ಇಳಿಯುವಾಗ ಕಿವಿ ಕಟ್ಟುವುದಕ್ಕೆ ಮಾತ್ರ ಯಾವ ವರ್ಷನ್ ಹಾಕಿದರೂ ಪ್ರಯೋಜನ ಇಲ್ಲ, ಉಗುಳು ನುಂಗಬೇಕು.) ಆಮೇಲೆ ನಾನು ಹೊಸ ಕುಶನ್ ತರಿಸಿ ಹಾಕಿದೆ. ಅದೇ ಬಸ್ಸು, ಅದೇ ಘಟ್ಟ. ಇಂಜಿನ್ ಸದ್ದಿನ ಮಟ್ಟಿಗೆ ಎರಡಕ್ಕೂ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. ಹಿಂದಿನ ಸೀಟಿನವರ ಮಾತು ಭಾವನದರಲ್ಲಿ ಇನ್ನಷ್ಟು ಮಂಕಾಗಿತ್ತು, ಅಷ್ಟೇ. ಬ್ಯಾಟರಿ ಮಾತ್ರ ಕುಶನ್ ಬದಲಿಸಿದಷ್ಟು ಸುಲಭಕ್ಕೆ ಬದಲಿಸಲು ಬರುವುದಿಲ್ಲ.

ನಿಜವಾದ ಫರಕು ಚಿಕ್ಕ ಚಿಕ್ಕ ವಿಷಯಗಳಲ್ಲಿದೆ. ಸೋನಿಯ 1000ಎಕ್ಸ್‌ಎಂ ಸಾಲನ್ನೇ ತಗೊಳ್ಳಿ. 2018ರ ಎಕ್ಸ್‌ಎಂ3 ಹಾಡು, ವಿಡಿಯೋ ಕೇಳಲು ಫೋನ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಒಟ್ಟಿಗೆ ಜೋಡಿಯಾಗುವುದಿಲ್ಲ, 2020ರ ಎಕ್ಸ್‌ಎಂ4 ಆಗುತ್ತದೆ. ಅವೆರಡೂ ಮಡಚಿ ಪುಟ್ಟದಾಗುತ್ತವೆ. 2022ರ ಎಕ್ಸ್‌ಎಂ5ರಲ್ಲಿ ಮೈಕ್ ಜಾಸ್ತಿ ಹಾಕಿದರು, ಆದರೆ ಮಡಚುವುದನ್ನು ತೆಗೆದುಬಿಟ್ಟರು. ಕಪ್ ತಿರುಗಿ ಚಪ್ಪಟೆಯಾಗುತ್ತದೆ ಅಷ್ಟೇ, ಕೇಸ್ ಬ್ಯಾಗಿನಲ್ಲಿ ಜಾಗ ತಿನ್ನುತ್ತದೆ. ವಿಮಾನದ ಸೀಟಿಗೆ ಹೆಡ್‌ಫೋನ್ ಸಿಕ್ಕಿಸುವ ಎರಡು ಪಿನ್ ಅಡಾಪ್ಟರ್ ಕೂಡ ಡಬ್ಬದಿಂದ ಮಾಯವಾಯಿತು. 2025ರ ಎಕ್ಸ್‌ಎಂ6ರಲ್ಲಿ ಮತ್ತೆ ಮಡಚುವ ಹಾಗೆ ಮಾಡಿದ್ದಾರೆ. ನಾಲ್ಕಕ್ಕೂ ಸದ್ದು ತಡೆಯುವುದು ಆನ್ ಇದ್ದಾಗ ಕಂಪನಿ ಹೇಳುವ ಬ್ಯಾಟರಿ ಲೆಕ್ಕ ಸುಮಾರು 30 ಗಂಟೆಯೇ. ನನ್ನ ಕೇಳಿದರೆ ಗೋವಾದಿಂದ ಆಗಾಗ ವಿಮಾನ ಹತ್ತುವವರಿಗೆ ಈಗಲೂ ಎಕ್ಸ್‌ಎಂ4 ಸಾಕು, ಸ್ಟಾಕ್ ಹೊಸದಿದ್ದರೆ.

ಬೋಸ್ ಕಂಪನಿಯ ಹೆಡ್‌ಫೋನ್‌ಗಳಲ್ಲಿ ಮುಖ್ಯವಾಗಿ ನೋಡಬೇಕಾದ್ದು ಚಾರ್ಜಿಂಗ್ ತೂತು. 2017ರ ಕ್ಯೂಸಿ35ರ ಎರಡನೇ ವರ್ಷನ್‌ಗೆ ಹಳೇ ಮೈಕ್ರೋ ಯುಎಸ್‌ಬಿ ಬೇಕು, 2021ರ ಕ್ಯೂಸಿ45ಕ್ಕೆ ಟೈಪ್ ಸಿ. ಎಲ್ಲದಕ್ಕೂ ಒಂದೇ ಕೇಬಲ್ ಇಟ್ಟುಕೊಂಡು ಹೊರಟವರಿಗೆ ಮೊದಲನೆಯದು ತಲೆನೋವು. ಎರಡಕ್ಕೂ ವೈರ್ ಹಾಕುವ ತೂತು 2.5 ಮಿಲಿಮೀಟರಿನದು. ಆ ವೈರ್ ಕಳೆದುಕೊಂಡರೆ ನಮ್ಮ ಪೇಟೆ ಅಂಗಡಿಗಳಲ್ಲಿ ಹುಡುಕಿ ಸುಸ್ತಾಗುತ್ತೀರಿ.

ಮಳೆ, ಬೆವರಿನ ವಿಷಯದಲ್ಲಿ ಹೊಸದು ಹಳೇದು ಎರಡೂ ಒಂದೇ. ಈ ಕಿವಿ ಮುಚ್ಚುವ ಹೆಡ್‌ಫೋನ್‌ಗಳಿಗೆ ನೀರು ತಡೆಯುವ ಐಪಿ ರೇಟಿಂಗ್ ಇಲ್ಲ. ತೆಗೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಗಾಳಿಗಿಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕೇಸಿಗೆ ಹಾಕಿ.

ಅಂಗಡಿಯಲ್ಲಿ ಮಾಡಬೇಕಾದ್ದು ಇಷ್ಟು. ಡಬ್ಬದ ಮೇಲೆ ತಯಾರಾದ ಅಥವಾ ಆಮದಾದ ತಿಂಗಳು, ವರ್ಷ ಓದಿ. ಅದರ ಮೇಲೆ ಸ್ಟಿಕ್ಕರ್ ಇದ್ದರೆ ತೆಗೆಯಿರಿ ಅನ್ನಿ, ಒಪ್ಪದಿದ್ದರೆ ನಮಸ್ಕಾರ ಹೇಳಿ ಹೊರಡಿ. ವೈರ್‌ಲೆಸ್ ಹೆಡ್‌ಫೋನಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಡಬ್ಬದ ಮೇಲೆ ‘ಆರ್’ ಇಂದ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ತಯಾರಕರದ್ದು ಅಂತ ಬರುತ್ತದೆ, ಡಬ್ಬದ ಮೇಲಿನ ಹೆಸರಿಗೆ ಅದು ಹೊಂದದಿದ್ದರೆ ನಕಲಿ ಮಾಲು ಇರಬಹುದು. ದುಡ್ಡು ಕೊಡುವ ಮೊದಲು ಅವರೆದುರಲ್ಲೇ ಡಬ್ಬ ತೆರೆಸಿ. ಕುಶನ್ನನ್ನು ಹೆಬ್ಬೆರಳಿನಿಂದ ಒತ್ತಿ ಸ್ವಲ್ಪ ಉಜ್ಜಿ. ಗಟ್ಟಿಯಾಗಿದ್ದರೆ, ಅಂಟಂಟಾಗಿದ್ದರೆ, ಬೆರಳಿಗೆ ಕಪ್ಪು ಹತ್ತಿದರೆ ಬೇಡ. ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರ್ ಎರಡೂ ಇರಲಿ.

ನನ್ನ ದೂರಿನ ಕತೆ ಹೇಳಿ ಮುಗಿಸುತ್ತೇನೆ. ವಾಪಸ್ ಕೊಡಲು ಹೋದಾಗ ಅಂಗಡಿಯವರು ಗೋಡೆ ಮೇಲಿನ ಬೋರ್ಡ್ ತೋರಿಸಿದರು: ಒಮ್ಮೆ ಮಾರಿದ ವಸ್ತು ವಾಪಸ್ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬೇರೆ ಹೇಳುತ್ತದೆ. ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ. ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲು ಒಪ್ಪದಿರುವುದೂ ಅನುಚಿತ ವ್ಯಾಪಾರವೇ. ಬೋರ್ಡ್ ಹಾಕಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಚೀಟಿ, ಯುಪಿಐ ದಾಖಲೆ, ಸ್ಟಿಕ್ಕರ್ ತೆಗೆಯುವ ಮೊದಲಿನ ಮತ್ತು ಆಮೇಲಿನ ಫೋಟೋ ಎಲ್ಲ ಕಳಿಸಿದೆ. ಆಮೇಲೆ ಅಂಗಡಿಯವರ ದನಿ ಮೆತ್ತಗಾಯಿತು. ಇದರ ಬದಲು ಬೇರೆ ಪೀಸ್ ಕೊಡುತ್ತೇವೆ ಬನ್ನಿ ಅಂದರು. ಹೋಗಿ ನೋಡಿದರೆ ಅದರ ಮೇಲೂ ಅಷ್ಟೇ ದೊಡ್ಡ ಸ್ಟಿಕ್ಕರ್.

ಬೇಡ, ದುಡ್ಡೇ ಕೊಡಿ ಅಂದೆ. ಮುಂದಿನ ವಾರ ಅನ್ನುತ್ತಿದ್ದಾರೆ. ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರು ಬೇಕು ಅಂತಲೂ ಇಲ್ಲ. ಅರ್ಜಿ ಬರೆದು ಇಟ್ಟುಕೊಂಡಿದ್ದೇನೆ.